ಹಳದಿ ಕಾಣುವುದು ಸೋಗೆಯಲ್ಲಿ, ರೋಗ ಇರುವುದು ನಾಳದಲ್ಲಿ: ಅಡಿಕೆಯ ಟಿಶ್ಯೂ ಕಲ್ಚರ್ ಸಸಿಯ ಸುತ್ತ ಎದ್ದಿರುವ ಗೊಂದಲ

ಮಳೆ ಹಿಂದೆ ಸರಿದು ಬಿಸಿಲು ಚುರುಕಾದ ಕೂಡಲೇ ಅಡಿಕೆ ತೋಟಗಳಲ್ಲಿ ಹಳದಿ ಸೋಗೆಗಳು ಎದ್ದು ಕಾಣುತ್ತವೆ. ಬೆನ್ನಿಗೇ ಸುದ್ದಿಗಳೂ ಬರುತ್ತವೆ. ಹಳದಿ ಎಲೆ ರೋಗಕ್ಕೆ ಮದ್ದೇ ಇಲ್ಲ ಎಂದು ಒಂದು ವರದಿ. ರೋಗಕ್ಕೆ ಜಗ್ಗದ ಮರಗಳನ್ನು ಹುಡುಕಿ ಅಂಗಾಂಶ ಕೃಷಿಯಿಂದ, ಅಂದರೆ ಟಿಶ್ಯೂ ಕಲ್ಚರ್‌ನಿಂದ, ಸಸಿ ಮಾಡಲಾಗುತ್ತಿದೆ ಎಂದು ಇನ್ನೊಂದು. ಇವೆರಡರ ನಡುವೆ ವಾಟ್ಸ್ಆ್ಯಪ್‌ನಲ್ಲಿ ಕಾಂಡಕ್ಕೆ ಚುಚ್ಚುವ ಆ್ಯಂಟಿಬಯೋಟಿಕ್‌ನ ವೀಡಿಯೊ. ಕೇರಳದ ಗಡಿಭಾಗವಾದ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆ ಕಡೆಯ ಕನ್ನಡ ಕೃಷಿಕರಿಗೆ ಸುದ್ದಿ ಎರಡು ರಾಜ್ಯಗಳಿಂದ, ಎರಡು ಭಾಷೆಗಳಲ್ಲಿ ಬರುವುದರಿಂದ ಗೊಂದಲವೂ ಇಮ್ಮಡಿ. ಮದ್ದಿಲ್ಲದ ರೋಗಕ್ಕೆ ಸಸಿಯಲ್ಲಿ ಪರಿಹಾರ ಹೇಗೆ ಬಂತು? ಬೀಜದಿಂದ ಆಗದ್ದು ಪ್ರಯೋಗಾಲಯದ ಬಾಟಲಿಯಿಂದ ಹೇಗೆ ಆಗುತ್ತದೆ? ಮಳೆಗಾಲದಲ್ಲಿ ಕಾಯಿ ಕೊಳೆಸುವ ಕೊಳೆರೋಗಕ್ಕೆ ಕೆಲಸ ಮಾಡುವ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಇದಕ್ಕೆ ಯಾಕೆ ಮಾಡುವುದಿಲ್ಲ?

ಮರ ಒಂದೇ ಮುದ್ದೆಯಾದ ವಸ್ತುವಲ್ಲ. ಜೀವಕೋಶಗಳು ಸೇರಿ ಅಂಗಾಂಶ, ಅಂಗಾಂಶಗಳು ಸೇರಿ ಬೇರು, ಕಾಂಡ, ಸೋಗೆ, ಹಿಂಗಾರ ಎಂಬ ಅಂಗಗಳು, ಅವೆಲ್ಲ ಸೇರಿ ಮರ. ರೋಗವೊಂದು ಇವುಗಳಲ್ಲಿ ಯಾವ ಹಂತದಲ್ಲಿ ಕೂತಿದೆ ಎಂಬುದು ತಿಳಿದರೆ ಯಾವ ಮದ್ದು ಅದನ್ನು ಮುಟ್ಟುತ್ತದೆ, ಯಾವುದು ಮುಟ್ಟುವುದಿಲ್ಲ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಈಗ ನಡೆಯುತ್ತಿರುವ ಚರ್ಚೆಯಲ್ಲಿ ತಪ್ಪಿಹೋಗಿರುವುದು ಈ ಒಂದು ಪ್ರಶ್ನೆ.

ಅಡಿಕೆ ಮರದ ಒಳಗೆ

ಮಾವು, ಹಲಸು, ಗೇರು ಮರಗಳ ತೊಗಟೆಯ ಕೆಳಗೆ ಕ್ಯಾಂಬಿಯಂ ಎಂಬ ತೆಳುವಾದ ಪದರ ಇರುತ್ತದೆ. ವರ್ಷ ವರ್ಷವೂ ಹೊಸ ನಾಳಗಳನ್ನು ಹುಟ್ಟಿಸುವುದು, ಗಾಯ ಮುಚ್ಚುವುದು, ಕಾಂಡವನ್ನು ದಪ್ಪ ಮಾಡುವುದು ಅದರ ಕೆಲಸ. ಅಡಿಕೆ, ತೆಂಗು, ತಾಳೆಗಳಲ್ಲಿ ಅದು ಇಲ್ಲ. ಇವು ಏಕದಳ ಸಸ್ಯಗಳು. ಹುಲ್ಲಿನ, ಬಾಳೆಯ ದೂರದ ಬಂಧುಗಳು. ಅಡಿಕೆಯ ಕಾಂಡವನ್ನು ಅಡ್ಡ ಕೊಯ್ದರೆ ಕಾಣುವ ಚುಕ್ಕಿ ಚುಕ್ಕಿ ಗುರುತುಗಳು ನಾಳದ ಕಟ್ಟುಗಳು. ಒಂದೊಂದು ಕಟ್ಟಿನಲ್ಲೂ ಎರಡು ಬಗೆಯ ಕೊಳವೆಗಳಿವೆ. ಬೇರಿನಿಂದ ನೀರು ಮತ್ತು ಲವಣ ಏರಿಸುವ ಕ್ಸೈಲಂ ಒಂದು, ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇರು, ಸುಳಿ, ಗೊನೆಗಳಿಗೆ ಹಂಚುವ ಫ್ಲೋಯೆಂ ಇನ್ನೊಂದು.

ಕ್ಸೈಲಂನ ಕೊಳವೆಗಳು ಸತ್ತ ಕೋಶಗಳ ಗಟ್ಟಿ ಗೋಡೆಗಳು. ಫ್ಲೋಯೆಂನ ಜರಡಿನಾಳಗಳು ಮಾತ್ರ ಜೀವಂತ. ಆದರೆ ಸಕ್ಕರೆ ಹರಿಯಲು ಜಾಗ ಬೇಕೆಂದು ಅವು ತಮ್ಮ ಕೋಶಕೇಂದ್ರವನ್ನೇ ಕಳೆದುಕೊಂಡಿರುತ್ತವೆ. ಪಕ್ಕದ ಸಂಗಾತಿ ಕೋಶ ಅವುಗಳನ್ನು ಸಾಕುತ್ತದೆ. ಕ್ಯಾಂಬಿಯಂ ಇಲ್ಲದ ಕಾರಣ ಕಾಂಡದಲ್ಲಿರುವ ಈ ನಾಳಗಳು ಹಾಳಾದರೆ ಅದೇ ಜಾಗದಲ್ಲಿ ಹೊಸತು ಹುಟ್ಟುವುದಿಲ್ಲ. ತಾಳೆ ಜಾತಿಯ ಮರಗಳಲ್ಲಿ ಒಮ್ಮೆ ರೂಪುಗೊಂಡ ಜರಡಿನಾಳ ದಶಕಗಳ ಕಾಲ ದುಡಿಯಬೇಕು.

ಬೆಳೆಯುವ ಜಾಗವೂ ಒಂದೇ: ಸುಳಿಯ ಬುಡದಲ್ಲಿರುವ ವರ್ಧನ ಅಂಗಾಂಶ. ಪ್ರತಿ ಸೋಗೆ, ಪ್ರತಿ ಹಿಂಗಾರ ಅಲ್ಲಿಂದಲೇ ಬರಬೇಕು. ಸುಳಿ ಕೊಳೆತರೆ ಮರ ಸತ್ತಂತೆಯೇ. ಕಾಫಿ ಗಿಡದ ಹಾಗೆ ಬುಡದಿಂದ ಚಿಗುರುವುದಿಲ್ಲ, ಬಾಳೆಯ ಹಾಗೆ ಕಂದು ಬಿಡುವುದಿಲ್ಲ. ಈ ಎರಡು ಸಂಗತಿಗಳು, ಅಂದರೆ ಗಾಯ ಮಾಯದಿರುವುದು ಮತ್ತು ಬೆಳೆಯುವ ತುದಿ ಒಂದೇ ಇರುವುದು, ಮುಂದಿನ ಎಲ್ಲ ಚರ್ಚೆಯ ಅಡಿಪಾಯ.

ಹಳದಿ ಎಲ್ಲ ಒಂದೇ ಅಲ್ಲ

ಸೋಗೆ ಹಳದಿಯಾಗಿದೆ ಎಂದರೆ ಎಲೆಯ ಕೋಶಗಳಲ್ಲಿ ಪತ್ರಹರಿತ್ತು ಕಡಿಮೆಯಾಗಿದೆ ಎಂದಷ್ಟೇ ಅರ್ಥ. ಅದಕ್ಕೆ ದಾರಿಗಳು ಹಲವು.

ಪತ್ರಹರಿತ್ತಿನ ಪ್ರತಿ ಅಣುವಿನ ನಡುವೆ ಒಂದು ಮೆಗ್ನೀಸಿಯಂ ಇರುತ್ತದೆ. ಮಣ್ಣಿನಲ್ಲಿ ಅದು ಕಡಿಮೆಯಾದಾಗ ಮರ ಹಳೆಯ ಸೋಗೆಗಳಿಂದ ಕಿತ್ತು ಹೊಸ ಸೋಗೆಗೆ ಕಳಿಸುತ್ತದೆ. ಪೊಟ್ಯಾಷ್ ಕೂಡ ಹೀಗೆಯೇ ಚಲಿಸುತ್ತದೆ. ಹಾಗಾಗಿ ಕೊರತೆಯ ಹಳದಿ ಹೊರಸುತ್ತಿನ ಸೋಗೆಗಳಲ್ಲಿ ಶುರುವಾಗುತ್ತದೆ. ಮಳೆಗೆ ಲವಣ ಕೊಚ್ಚಿಹೋಗುವ ನಮ್ಮ ಮುರಕಲ್ಲು ಗುಡ್ಡದ ತೋಟಗಳಲ್ಲಿ ಇದು ಅಪರೂಪವೇನಲ್ಲ. ಕಣಿ ಮುಚ್ಚಿಹೋಗಿ ನೀರು ನಿಂತ ಬೈಲು ತೋಟದಲ್ಲಿ ಕಾರಣ ಬೇರೆ: ಬೇರಿನ ತುದಿಯ ಕೋಶಗಳಿಗೆ ಆಮ್ಲಜನಕ ಸಿಗದೆ ಅವು ಸಾಯುತ್ತವೆ. ಬೇರುಹುಳ ಬಿದ್ದ ಕಡೆ ಬೇರನ್ನು ಹುಳವೇ ತಿಂದಿರುತ್ತದೆ. ಇವೆರಡರಲ್ಲೂ ಏಟು ಬಿದ್ದಿರುವುದು ಬೇರು ಎಂಬ ಅಂಗಕ್ಕೆ. ಎಲೆ ಅದನ್ನು ತೋರಿಸುತ್ತದೆ. ಎಲೆಚುಕ್ಕಿ ರೋಗದಲ್ಲಿ ಶಿಲೀಂಧ್ರ ನೇರವಾಗಿ ಎಲೆಯ ಕೋಶಗಳನ್ನು ಕೊಲ್ಲುತ್ತದೆ: ಕಂದು ಚುಕ್ಕಿ, ಸುತ್ತ ಹಳದಿ ಉಂಗುರ, ಚುಕ್ಕಿಗಳು ಕೂಡಿಕೊಂಡ ಮೇಲೆ ಸುಟ್ಟಂತೆ ಒಣಗಿದ ಸೋಗೆ.

ಹಳದಿ ಎಲೆ ರೋಗದ ಕಾರಣ ಇವುಗಳಲ್ಲಿ ಯಾವುದೂ ಅಲ್ಲ. ಆದರೆ ಅದೂ ಶುರುವಾಗುವುದು ಹೊರಸುತ್ತಿನ ಎರಡು ಮೂರು ಸೋಗೆಗಳಲ್ಲಿ, ಎಲೆಗರಿಯ ತುದಿಯಿಂದ. ನಡುನರದ ಪಕ್ಕ ಹಸಿರು ಪಟ್ಟಿ ಉಳಿದು, ಹಳದಿ ಮತ್ತು ಹಸಿರಿನ ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಮೆಗ್ನೀಸಿಯಂ ಕೊರತೆಗೂ ಇದಕ್ಕೂ ಇರುವ ಹೋಲಿಕೆ ಎಷ್ಟೆಂದರೆ ಫೋಟೋ ನೋಡಿ ರೋಗ ಹೇಳುವವರನ್ನು ನಂಬಬಾರದು. ಗುರುತಿಸಲು ಇನ್ನೆರಡು ಕಡೆ ನೋಡಬೇಕು. ಒಂದು, ಬುಡದ ಮಣ್ಣು ಸರಿಸಿ ಎಳೆ ಬೇರಿನ ತುದಿ ಕಪ್ಪಾಗಿ ಕೊಳೆತಿದೆಯೇ ಎಂದು. ಎರಡು, ಅಡಿಕೆ ಒಡೆದು ತಿರುಳು ಮೆತ್ತಗಾಗಿ ಕಪ್ಪು ಬಣ್ಣಕ್ಕೆ ತಿರುಗಿದೆಯೇ ಎಂದು. ಸೋಗೆ, ಬೇರು, ತಿರುಳು ಮೂರರಲ್ಲೂ ಲಕ್ಷಣ ಒಟ್ಟಿಗೆ ಸಿಕ್ಕಿದರೆ ಹಳದಿ ರೋಗದ ಅನುಮಾನ ಗಟ್ಟಿಯಾಗುತ್ತದೆ. ಖಚಿತಪಡಿಸಲು ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಯೇ ಬೇಕು. ಅಲ್ಲೂ ಒಂದು ತೊಡಕಿದೆ: ರೋಗಾಣು ಮರದ ತುಂಬ ಸಮವಾಗಿ ಹರಡಿರುವುದಿಲ್ಲ, ಇರುವ ಪ್ರಮಾಣವೂ ಕಡಿಮೆ. ಮಾದರಿ ತೆಗೆದ ತುಂಡಿನಲ್ಲಿ ಅದು ಇಲ್ಲದಿದ್ದರೆ ರೋಗದ ಮರಕ್ಕೂ 'ಇಲ್ಲ' ಎಂಬ ಫಲಿತಾಂಶ ಬರಬಹುದು.

ರೋಗಾಣು ಕೂತಿರುವ ಜಾಗ

ಈ ರೋಗ ಮಧ್ಯ ಕೇರಳದಲ್ಲಿ 1914ರ ಹೊತ್ತಿಗೇ ಕಂಡಿತ್ತು. ಕಾರಣ ತಿಳಿಯಲು ದಶಕಗಳೇ ಹಿಡಿದವು. ಇಂಥ ಹಳದಿ ರೋಗಗಳಿಗೆ ವೈರಸ್ ಕಾರಣ ಎಂದೇ ಬಹುಕಾಲ ತಿಳಿಯಲಾಗಿತ್ತು. 1967ರಲ್ಲಿ ಜಪಾನಿನ ವಿಜ್ಞಾನಿಗಳು ರೋಗದ ಹಿಪ್ಪುನೇರಳೆ ಗಿಡದ ಜರಡಿನಾಳಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೋಶಭಿತ್ತಿಯೇ ಇಲ್ಲದ ಸಣ್ಣ ಬ್ಯಾಕ್ಟೀರಿಯಾಗಳು ಕಂಡವು. ಈಗ ಅವುಗಳ ಹೆಸರು ಫೈಟೊಪ್ಲಾಸ್ಮಾ. ಅಡಿಕೆಯ ನಾಳದಲ್ಲೂ ಅಂಥವೇ ಇವೆ ಎಂಬುದು 1970ರ ದಶಕದಲ್ಲಿ ತಿಳಿಯಿತು. ಗಾತ್ರ ಒಂದು ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಬದುಕಲು ಬೇಕಾದ ಹಲವು ವಸ್ತುಗಳನ್ನು ತಯಾರಿಸುವ ಜೀನ್‌ಗಳನ್ನೇ ಇವು ಕಳೆದುಕೊಂಡಿವೆ. ಆದ್ದರಿಂದ ಜರಡಿನಾಳದ ಸಿಹಿರಸದಲ್ಲಿ ಅಥವಾ ಆ ರಸ ಹೀರುವ ಕೀಟದ ದೇಹದಲ್ಲಿ ಮಾತ್ರ ಬಾಳಬಲ್ಲವು. ಅಡಿಕೆಯಲ್ಲಿ ಅವುಗಳನ್ನು ಮರದಿಂದ ಮರಕ್ಕೆ ಒಯ್ಯುವುದು ಪ್ರೌಟಿಸ್ಟಾ ಮೊಯೆಸ್ಟಾ ಎಂಬ ಸಣ್ಣ ಜಿಗಿಹುಳ.

ಇಲ್ಲಿಂದ ಹಾನಿ ಒಂದೊಂದೇ ಹಂತ ಏರುತ್ತದೆ. ಮೊದಲು ಜರಡಿನಾಳ ಎಂಬ ಕೋಶ. ಒಳಗೆ ರೋಗಾಣು ಹೆಚ್ಚಿದಂತೆ ಮರ ತಾನೇ ಜರಡಿಯ ರಂಧ್ರಗಳಿಗೆ ಕ್ಯಾಲೋಸ್ ಎಂಬ ಪದಾರ್ಥದ ಬಿರಡೆ ಜಡಿಯುತ್ತದೆ. ಹನಿ ನೀರಾವರಿಯ ಪೈಪಿನಲ್ಲಿ ಕಸ ಕಟ್ಟಿದರೆ ಪಂಪು ಓಡುತ್ತಿದ್ದರೂ ಕೊನೆಯ ಸಾಲಿಗೆ ನೀರು ಬಾರದು. ಹಾಗೆಯೇ ಫ್ಲೋಯೆಂ ಎಂಬ ಅಂಗಾಂಶ ಇದ್ದೂ ಇಲ್ಲದಂತಾಗುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಹೊರಗೆ ಹೋಗಲಾರದೆ ಅಲ್ಲೇ ಪಿಷ್ಟವಾಗಿ ತುಂಬಿಕೊಳ್ಳುತ್ತದೆ. ಸರಕು ಕಟ್ಟಿಕೊಂಡ ಎಲೆಯ ಕೋಶಗಳು ಆಹಾರ ತಯಾರಿಕೆ ತಗ್ಗಿಸುತ್ತವೆ, ಪತ್ರಹರಿತ್ತು ಕರಗುತ್ತದೆ: ಹಳದಿ. ಅತ್ತ ಬೇರಿನ ತುದಿಗೆ ಊಟವಿಲ್ಲ. ಬೇರಿಗೆ ಸ್ವಂತ ದುಡಿಮೆ ಇಲ್ಲ, ಬದುಕುವುದು ಎಲೆಯಿಂದ ಬಂದ ಸಕ್ಕರೆಯಲ್ಲೇ. ತುದಿ ಸತ್ತು ಕೊಳೆಯುತ್ತದೆ. ಬೇರು ಸೋತಾಗ ನೀರು, ಪೊಟ್ಯಾಷ್, ಮೆಗ್ನೀಸಿಯಂ ಏರುವುದು ಕಡಿಮೆಯಾಗಿ ಹಳದಿ ಮತ್ತಷ್ಟು ಹೆಚ್ಚುತ್ತದೆ. ಗೊನೆಗೂ ಪಾಲು ಸಿಗದೆ ನಳ್ಳಿ, ಅಂದರೆ ಎಳೆಗಾಯಿ, ಉದುರುತ್ತದೆ. ಉಳಿದ ಕಾಯಿಯ ತಿರುಳು ತುಂಬುವುದಿಲ್ಲ. ನಾವು ಸಿಪ್ಪೆ ಸುಲಿದು ಮಾರುವ ಅಡಿಕೆ ಬಹುಪಾಲು ಬೀಜದ ಆಹಾರ ಸಂಗ್ರಹದ ಅಂಗಾಂಶ. ಸಕ್ಕರೆ ಬಾರದಿದ್ದರೆ ಅದೂ ಕೆಡುತ್ತದೆ. ಕೊನೆಗೆ ಹೊಸ ಸೋಗೆಗಳು ಗಿಡ್ಡವಾಗಿ ಮರದ ತಲೆ ಕುಗ್ಗುತ್ತದೆ.

ಈ ಸರಪಣಿಯನ್ನು ಗಮನಿಸಿದರೆ ಗೊಬ್ಬರದ ಬಗ್ಗೆ ಬರುವ ಎರಡು ವಿರುದ್ಧ ಮಾತುಗಳೂ ಅರ್ಥವಾಗುತ್ತವೆ. "ಪೋಷಕಾಂಶ ಕೊಟ್ಟ ಮೇಲೆ ಮರ ಸುಧಾರಿಸಿತು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಬೇರು ಸೋತು ಉಂಟಾದ ಕೊರತೆಯನ್ನು ಗೊಬ್ಬರ ಸ್ವಲ್ಪ ತುಂಬುತ್ತದೆ, ಮರ ಇನ್ನಷ್ಟು ವರ್ಷ ಫಸಲು ಕೊಡುತ್ತದೆ. ಆದರೆ ಜರಡಿನಾಳದೊಳಗಿನ ರೋಗಾಣು ಗೊಬ್ಬರಕ್ಕೆ ಸಾಯುವುದಿಲ್ಲ. ಮೇಲಿನ ಹಂತದ ಲಕ್ಷಣಕ್ಕೆ ಉಪಶಮನ ಸಿಕ್ಕಿತು, ಕೆಳಗಿನ ಹಂತದ ಕಾರಣ ಹಾಗೇ ಉಳಿಯಿತು.

ಮೈಲುತುತ್ತು ಎಲ್ಲಿಯವರೆಗೆ ಹೋಗುತ್ತದೆ

ಕೊಳೆರೋಗಕ್ಕೆ ಫೈಟೋಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ ಕಾರಣ ಎಂದು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ವರದಿ ಬರೆದರು. ಮೈಲುತುತ್ತು, ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣ ಅಡಿಕೆ ತೋಟಕ್ಕೆ ಬಂದದ್ದೂ ಅದೇ ಕಾಲಕ್ಕೆ. ಇಂದಿಗೂ ಅದು ಕೆಲಸ ಮಾಡುತ್ತಿದೆ. ಯಾಕೆ ಎಂಬುದು ಮುಖ್ಯ. ಫೈಟೋಫ್ತೊರಾದ ಈಜುವ ಬೀಜಾಣುಗಳು ಮಳೆನೀರಿನ ಪೊರೆಯಲ್ಲಿ ತೇಲಿಬಂದು ಕಾಯಿಯ ಹೊರಮೈ ಮೇಲೆ ಇಳಿಯುತ್ತವೆ. ಅಲ್ಲಿ ತಾಮ್ರದ ಪದರ ಮೊದಲೇ ಇದ್ದರೆ, ಒಳಹೊಕ್ಕುವ ಮುಂಚೆಯೇ ಸಾಯುತ್ತವೆ. ಅಂದರೆ ಇದು ಹೊರಮೈಯ ಕಾವಲು. ಅದಕ್ಕೇ ಮಳೆಗಾಲ ಹಿಡಿಯುವ ಮುಂಚೆ ಒಮ್ಮೆ, 40ರಿಂದ 45 ದಿನ ಬಿಟ್ಟು ಇನ್ನೊಮ್ಮೆ ಮದ್ದು ಬಿಡುವುದು. ಮಳೆ ಮುಂದುವರಿದರೆ ಮೂರನೇ ಸಲ.

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನು 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಪಾತ್ರೆ ಪ್ಲಾಸ್ಟಿಕ್ಕಿನದ್ದೋ ಸಿಮೆಂಟಿನದ್ದೋ ಇರಲಿ, ಕಬ್ಬಿಣದ್ದು ಬೇಡ. ಹೊಳೆಯುವ ಕತ್ತಿಯ ಅಲಗನ್ನು ಅದ್ದಿದಾಗ ಕೆಂಪು ಲೇಪ ಹಿಡಿದರೆ ಬಿಡಿ ತಾಮ್ರ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಆ ಬಿಡಿ ತಾಮ್ರ ರೋಗಾಣುವಿನ ಕೋಶಕ್ಕೆ ವಿಷವಾದಂತೆ ಅಡಿಕೆಯ ಕೋಶಕ್ಕೂ ವಿಷ. ಎಳೆ ನಳ್ಳಿ, ಹಿಂಗಾರ ಸುಟ್ಟುಹೋಗುತ್ತವೆ.

ಎಲೆಚುಕ್ಕಿಗೆ ಹೇಳುವ ಪ್ರೊಪಿಕೊನಝೋಲ್ ಇನ್ನೊಂದು ಬಗೆಯದು. ಲೀಟರಿಗೆ 1 ಮಿಲಿಲೀಟರ್ ಸೇರಿಸಿ ಸಿಂಪಡಿಸಿದರೆ ಎಲೆಯೊಳಕ್ಕೆ ಇಳಿದು, ಶಿಲೀಂಧ್ರವು ತನ್ನ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಿಸದಂತೆ ತಡೆಯುತ್ತದೆ. ಆದರೆ ಫೈಟೋಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ. ಅದು ಎರ್ಗೊಸ್ಟೆರಾಲನ್ನು ತಯಾರಿಸುವುದೇ ಇಲ್ಲ. ಎಲೆಚುಕ್ಕಿಗೆ ತಂದ ಮದ್ದನ್ನು ಕೊಳೆರೋಗಕ್ಕೂ ಆದೀತು ಎಂದು ಬಿಟ್ಟು ದುಡ್ಡು ಕಳೆದುಕೊಳ್ಳುವುದು ಈ ವ್ಯತ್ಯಾಸ ತಿಳಿಯದೆ.

ಹಳದಿ ರೋಗದ ಮುಂದೆ ಇವೆರಡೂ ನಿಷ್ಪ್ರಯೋಜಕ. ಕೀಟ ತನ್ನ ಸೂಜಿಯಂಥ ಬಾಯಿಯನ್ನು ನೇರವಾಗಿ ನಾಳಕ್ಕೇ ಇಳಿಸುವುದರಿಂದ ರೋಗಾಣು ಎಲೆಯ ಹೊರಮೈ ಮುಟ್ಟುವುದೇ ಇಲ್ಲ. ಎರ್ಗೊಸ್ಟೆರಾಲೂ ಅದಕ್ಕೆ ಬೇಕಿಲ್ಲ.

ಇಂಜೆಕ್ಷನ್ ಎಂಬ ಆಸೆ

ಫೈಟೊಪ್ಲಾಸ್ಮಾ ಬ್ಯಾಕ್ಟೀರಿಯಾ ಆಗಿದ್ದರೆ ಆ್ಯಂಟಿಬಯೋಟಿಕ್‌ಗೆ ಸಾಯಬೇಕಲ್ಲ? ಪ್ರಶ್ನೆ ಸರಿಯಾಗಿಯೇ ಇದೆ. ಪೆನಿಸಿಲಿನ್ ಏನೂ ಮಾಡದು, ಏಕೆಂದರೆ ಅದು ಹೊಡೆಯುವುದು ಕೋಶಭಿತ್ತಿ ಕಟ್ಟುವ ಕೆಲಸಕ್ಕೆ. ಇಲ್ಲಿ ಭಿತ್ತಿಯೇ ಇಲ್ಲ. ಟೆಟ್ರಾಸೈಕ್ಲಿನ್ ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುವುದರಿಂದ ನಾಟುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ತೆಂಗಿಗೆ ಬಂದ ಇಂಥದೇ ರೋಗಕ್ಕೆ ಆಕ್ಸಿಟೆಟ್ರಾಸೈಕ್ಲಿನನ್ನು ಕಾಂಡಕ್ಕೆ ಚುಚ್ಚುವ ಪದ್ಧತಿ ಇದೆ. ಆದರೆ ಅದು ರೋಗಾಣುವನ್ನು ಅದುಮಿಡುತ್ತದೆ, ಅಳಿಸುವುದಿಲ್ಲ. ಸುಮಾರು ನಾಲ್ಕು ತಿಂಗಳಿಗೊಮ್ಮೆ ಚುಚ್ಚುತ್ತಲೇ ಇರಬೇಕು. ನಿಲ್ಲಿಸಿದರೆ ಲಕ್ಷಣ ಮರಳುತ್ತದೆ. ಅಲ್ಲಿ ಚುಚ್ಚುವುದು ರಸ್ತೆಬದಿಯ, ಹೋಟೆಲ್ ಅಂಗಳದ ಅಲಂಕಾರದ ಮರಗಳಿಗೆ.

ತೋಟದ ಲೆಕ್ಕ ಬೇರೆ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 1,370ರಷ್ಟು ಮರ. ವರ್ಷಕ್ಕೆ ಮೂರು ಸಲ ಎಂದರೆ ನಾಲ್ಕು ಸಾವಿರಕ್ಕೂ ಮಿಕ್ಕಿದ ತೂತುಗಳು. ಕ್ಯಾಂಬಿಯಂ ಇಲ್ಲದ ಕಾಂಡದಲ್ಲಿ ಒಂದು ತೂತೂ ಮುಚ್ಚಿಕೊಳ್ಳುವುದಿಲ್ಲ. ಕೊರೆದಲ್ಲೆಲ್ಲ ನಾಳದ ಕಟ್ಟು ತುಂಡಾಗಿ, ನೀರಿಳಿದು, ಕೊಳೆಯಲು ದಾರಿಯಾಗುತ್ತದೆ. ಜನ ಬಾಯಿಗೆ ಹಾಕಿ ಜಗಿಯುವ ಬೆಳೆಯಲ್ಲಿ ಮದ್ದಿನ ಶೇಷ ಉಳಿಯುವ ಪ್ರಶ್ನೆ ಇದೆ. ಮನುಷ್ಯರಿಗೆ ಬೇಕಾದ ಆ್ಯಂಟಿಬಯೋಟಿಕ್‌ಗಳನ್ನು ಬೆಳೆಗೆ ಬಳಸುವುದನ್ನು ನಿಲ್ಲಿಸುವತ್ತ ಕೇಂದ್ರ ಸರ್ಕಾರವೂ ಹೆಜ್ಜೆ ಇಟ್ಟಿದೆ. ವೀಡಿಯೊಗಳಲ್ಲಿ ತೋರಿಸುವ ಇಂಜೆಕ್ಷನ್ ತೋಟಕ್ಕೆ ಪರಿಹಾರವಾಗದು.

ಒಳ್ಳೆಯ ಮರದ ಬೀಜ ಹಾಕಿದರೆ ಸಾಲದೆ?

ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಮುಂತಾದ ಕಡೆ ರೋಗ ಹಲವು ದಶಕಗಳಿಂದ ಇದೆ. ಸುತ್ತಲಿನ ಮರಗಳೆಲ್ಲ ಸೊರಗಿದರೂ ನಡುವೆ ಹಸಿರಾಗಿ ನಿಂತು ಗೊನೆ ಬಿಡುವ ಬಿಡಿ ಮರಗಳು ಅಂಥ ತೋಟಗಳಲ್ಲಿ ಸಿಗುತ್ತವೆ. ಸಂಶೋಧಕರು ಹುಡುಕುವುದು ಇವನ್ನೇ. ಇದರ ಬೀಜ ತೆಗೆದು ಸಸಿ ಮಾಡಿದರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ.

ಅಡ್ಡಿ ಇರುವುದು ಹಿಂಗಾರದಲ್ಲಿ. ಒಂದೇ ಹಿಂಗಾರದಲ್ಲಿ ಗಂಡು ಹೂ, ಹೆಣ್ಣು ಹೂ ಎರಡೂ ಇರುತ್ತವೆ, ಆದರೆ ಗಂಡು ಹೂಗಳು ಮೊದಲೇ ಅರಳಿ ಕೆಲವು ವಾರಗಳಲ್ಲಿ ಉದುರಿಹೋಗುತ್ತವೆ. ಹೆಣ್ಣು ಹೂ ಪರಾಗಕ್ಕೆ ಸಿದ್ಧವಾಗುವುದು ಆಮೇಲೆ, ಅದೂ ಕೆಲವೇ ದಿನ. ಹಾಗಾಗಿ ಪರಾಗ ಹೆಚ್ಚಾಗಿ ಬೇರೆ ಮರದಿಂದ ಬರುತ್ತದೆ. ಅಡಿಕೆಯ ಪ್ರತಿ ಕೋಶದಲ್ಲಿ 32 ವರ್ಣತಂತುಗಳು. ಬೀಜದೊಳಗಿನ ಭ್ರೂಣಕ್ಕೆ 16 ತಾಯಿಯಿಂದ, 16 ಪಕ್ಕದ ಯಾವುದೋ ಮರದಿಂದ. ಆ ಪಕ್ಕದ ಮರ ರೋಗಕ್ಕೆ ಸುಲಭವಾಗಿ ತುತ್ತಾಗುವಂಥದ್ದೂ ಆಗಿರಬಹುದು. ತಾಯಿಯ ಗುಣ ಸಸಿಗೆ ಪೂರ್ತಿ ಬರುತ್ತದೆ ಎಂಬ ಭರವಸೆ ಇಲ್ಲ. ರೋಗ ತಡೆಯುವ ಎರಡು ಮರಗಳ ನಡುವೆ ಕೈಯಿಂದ ಪರಾಗಸ್ಪರ್ಶ ಮಾಡಿಸುವ ದಾರಿ ಇದೆ: ಹಿಂಗಾರದ ಗಂಡು ಹೂ ತೆಗೆದು, ಚೀಲ ಕಟ್ಟಿ, ಆಯ್ದ ಮರದ ಪರಾಗ ಹಾಕುವುದು. ಅದು ನಿಧಾನ, ಮರ ಹತ್ತುವವರ ಕೂಲಿ ಬೇರೆ, ಸಿಗುವ ಬೀಜವೂ ಸ್ವಲ್ಪ.

ಕಸಿ ಕಟ್ಟೋಣವೆಂದರೆ ಕ್ಯಾಂಬಿಯಂ ಇಲ್ಲ. ಕಂದು ತೆಗೆಯೋಣವೆಂದರೆ ಅಡಿಕೆ ಕಂದು ಬಿಡುವುದಿಲ್ಲ. ಮರದ ಯಥಾವತ್ ನಕಲು ಬೇಕಿದ್ದರೆ ಉಳಿಯುವ ದಾರಿ ಕೋಶದಿಂದಲೇ ಶುರುಮಾಡುವುದು.

ಕೋಶದಿಂದ ಮತ್ತೆ ಮರ

ಸಸ್ಯದ ಒಂದೊಂದು ಕೋಶದಲ್ಲೂ ಇಡೀ ಗಿಡವನ್ನು ಕಟ್ಟುವ ಮಾಹಿತಿ ಇದೆ, ತಕ್ಕ ಪರಿಸರ ಕೊಟ್ಟರೆ ಅದು ಗಿಡವಾಗಬಲ್ಲದು ಎಂದು ಗಾಟ್ಲೀಬ್ ಹ್ಯಾಬರ್ಲಾಂಟ್ 1902ರಲ್ಲೇ ಹೇಳಿದ್ದರು. 1958ರಲ್ಲಿ ಕ್ಯಾರೆಟ್‌ನ ಕೋಶಗಳಿಂದ ಗಿಡ ಬೆಳೆಸಿದಾಗ ಅದು ನಿಜವಾಯಿತು. ಅಡಿಕೆಯಲ್ಲಿ ಇದನ್ನು ಸಾಧಿಸಿದ್ದು ಕಾಸರಗೋಡಿನ ಕೂಡ್ಲಿನಲ್ಲಿರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಸಿಪಿಸಿಆರ್‌ಐ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಜಾಗ ಅದು. ಅಲ್ಲಿನ ವಿಜ್ಞಾನಿಗಳು ಎಲೆ ಮತ್ತು ಎಳೆ ಹಿಂಗಾರದ ತುಂಡುಗಳಿಂದ ಅಡಿಕೆ ಸಸಿ ಪಡೆದ ವಿಧಾನವನ್ನು 2004ರಲ್ಲಿ ಪ್ರಕಟಿಸಿದರು.

ಹಿಂಗಾರವನ್ನೇ ಆರಿಸಿಕೊಳ್ಳುವುದಕ್ಕೆ ಕಾರಣ ಇದೆ. ಸುಳಿಯ ಬೆಳೆಯುವ ತುದಿ ತೆಗೆದರೆ ಕೋಶಗಳು ಚೆನ್ನಾಗಿ ವಿಭಜಿಸುತ್ತವೆ, ಆದರೆ ತಾಯಿಮರ ಸಾಯುತ್ತದೆ. ಹಾಳೆಯೊಳಗೆ ಇನ್ನೂ ಬಿಚ್ಚದ ಎಳೆ ಹಿಂಗಾರದಲ್ಲಿ ಅಂಥದೇ ಚುರುಕಾದ ಕೋಶಗಳಿವೆ. ಅದನ್ನು ತೆಗೆದರೆ ನಷ್ಟ ಒಂದು ಗೊನೆ ಮಾತ್ರ.

ತೆಗೆದ ಹಿಂಗಾರವನ್ನು ಹೊರಗಿನ ಪೊರೆಯ ಸಮೇತ ಸೋಂಕುನಾಶಕದಲ್ಲಿ ತೊಳೆದು, ಶುದ್ಧ ಗಾಳಿಯ ಪೆಟ್ಟಿಗೆಯೊಳಗೆ ಸಣ್ಣ ಚೂರುಗಳಾಗಿ ಕತ್ತರಿಸುತ್ತಾರೆ. ಅವು ಕೂರುವುದು ಲವಣ, ವಿಟಮಿನ್, ಲೀಟರಿಗೆ 30 ಗ್ರಾಂನಷ್ಟು ಸಕ್ಕರೆ ಮತ್ತು ಅಗರ್ ಸೇರಿಸಿ ಮಾಡಿದ ಜೆಲ್ಲಿಯ ಮೇಲೆ; ಇದನ್ನು ಮೊದಲೇ 121 ಡಿಗ್ರಿ ಶಾಖದಲ್ಲಿ ಒತ್ತಡದಡಿ ಬೇಯಿಸಿರುತ್ತಾರೆ. ಇದಕ್ಕೆ ಪಿಕ್ಲೊರಾಮ್ ಎಂಬ ಹಾರ್ಮೋನಿನಂಥ ವಸ್ತು ಸೇರುತ್ತದೆ. ಹೊಲದಲ್ಲಿ ಕಳೆ ಕೊಲ್ಲಲು ಬಳಸುವುದೂ ಇದನ್ನೇ. ಅತಿ ಸಣ್ಣ ಪ್ರಮಾಣದಲ್ಲಿ ಅದು ಕೋಶಗಳಿಗೆ ತಮ್ಮ ಹಳೆಯ ಕಸುಬು ಮರೆಸುತ್ತದೆ. ಹೂವಾಗಬೇಕಿದ್ದ ಕೋಶಗಳು ಹೂವಾಗುವುದನ್ನು ಬಿಟ್ಟು ಗುರುತಿಲ್ಲದ ಗಂಟುಗಂಟಾದ ಮುದ್ದೆಯಾಗಿ ಬೆಳೆಯುತ್ತವೆ. ಅದೇ ಕ್ಯಾಲಸ್. ಮುಂದಿನ ಹಂತಗಳಲ್ಲಿ ಪಿಕ್ಲೊರಾಮ್ ಇಳಿಸುತ್ತ ಹೋದಂತೆ ಮುದ್ದೆಯ ಮೇಲೆ ಬೀಜದೊಳಗಿನ ಭ್ರೂಣದಂಥವೇ ಸಣ್ಣ ಭ್ರೂಣಗಳು ಮೂಡುತ್ತವೆ. ಸೈಟೊಕೈನಿನ್ ಎಂಬ ಇನ್ನೊಂದು ಗುಂಪಿನ ಹಾರ್ಮೋನು ಕೊಟ್ಟಾಗ ಅವು ಮೊಳೆಯುತ್ತವೆ. ಕೋಶ, ಅಂಗಾಂಶ, ಅಂಗ, ಗಿಡ ಎಂಬ ಅದೇ ಏಣಿಯನ್ನು ಬಾಟಲಿಯೊಳಗೆ ಮೊದಲಿಂದ ಹತ್ತಿಸುವುದು ಇದು.

ಕೆಡುವ ಕಡೆಗಳೂ ಅಷ್ಟೇ ಇವೆ. ಅಡಿಕೆಯ ಅಂಗಾಂಶದಲ್ಲಿ ಪಾಲಿಫಿನಾಲ್ ಹೇರಳ. ಹೊಸದಾಗಿ ಸುಲಿದ ಹಸಿ ಅಡಿಕೆ ಕೈಗೆ ಕಪ್ಪು ಹಿಡಿಸುವುದೂ ಅದರಿಂದಲೇ. ಕತ್ತರಿಸಿದ ಚೂರು ಕಂದಾಗಿ ತನ್ನ ವಿಷಕ್ಕೆ ತಾನೇ ಸಾಯದಿರಲು ಜೆಲ್ಲಿಗೆ ಇದ್ದಿಲ ಪುಡಿ ಸೇರಿಸುತ್ತಾರೆ. ಮರದೊಳಗೇ ವಾಸವಿದ್ದ ಬ್ಯಾಕ್ಟೀರಿಯಾ ತಿಂಗಳುಗಳ ಮೇಲೆ ತಲೆಯೆತ್ತಿ ಬಾಟಲಿ ಕೆಡಿಸುವುದುಂಟು. ಕೆಲವು ಮುದ್ದೆಗಳು ಬೆಳೆಯುತ್ತಲೇ ಇರುತ್ತವೆ, ಭ್ರೂಣ ಮಾತ್ರ ಕೊಡುವುದಿಲ್ಲ. ಕೆಲವು ಚಿಗುರಿದರೂ ಬೇರು ಬಿಡುವುದಿಲ್ಲ. ಬಾಟಲಿಯಿಂದ ಹೊರತೆಗೆಯುವ ದಿನಗಳು ಎಲ್ಲಕ್ಕಿಂತ ಅಪಾಯದವು. ತೇವ ತುಂಬಿದ ಗಾಜಿನೊಳಗೆ ಬೆಳೆದ ಎಲೆಗೆ ಮೇಣದ ಪದರ ತೆಳು, ಪತ್ರರಂಧ್ರಗಳಿಗೆ ಸಕಾಲದಲ್ಲಿ ಮುಚ್ಚಿಕೊಳ್ಳುವ ಅಭ್ಯಾಸವಿಲ್ಲ. ನೇರ ಗಾಳಿಗೆ ಇಟ್ಟರೆ ಬೇಗ ಬಾಡುತ್ತದೆ. ವಾರಗಟ್ಟಲೆ ತೇವದ ಮನೆಯಲ್ಲಿಟ್ಟು ಸ್ವಲ್ಪ ಸ್ವಲ್ಪವಾಗಿ ಒಣಗಾಳಿಗೆ ಒಡ್ಡಬೇಕು. ಬಾಳೆಯ ಟಿಶ್ಯೂ ಕಲ್ಚರ್ ಸಸಿ ಲಕ್ಷಗಟ್ಟಲೆ ಸಿಗುವಾಗ ಅಡಿಕೆಯದ್ದು ಯಾಕಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಬಾಳೆಯಲ್ಲಿ ಇರುವ ಮೊಗ್ಗನ್ನು ಕವಲೊಡೆಸಿದರೆ ಆಯಿತು. ಅಡಿಕೆಯಲ್ಲಿ ಕೋಶದ ಮುದ್ದೆಯಿಂದ ಭ್ರೂಣವನ್ನೇ ಹೊಸದಾಗಿ ಹುಟ್ಟಿಸಬೇಕು.

ಎಣ್ಣೆತಾಳೆ ಕಲಿಸಿದ್ದು

ಅಡಿಕೆಯ ಹತ್ತಿರದ ನೆಂಟ ಎಣ್ಣೆತಾಳೆಯಲ್ಲಿ ಟಿಶ್ಯೂ ಕಲ್ಚರ್ 1970ರ ದಶಕದಲ್ಲೇ ಶುರುವಾಯಿತು. ಸಸಿಗಳು ಆರೋಗ್ಯವಾಗಿ ಬೆಳೆದವು. 1980ರ ದಶಕದಲ್ಲಿ ಹೂಬಿಟ್ಟಾಗ ಕೆಲವು ಮರಗಳಲ್ಲಿ ಹೂವಿನ ಭಾಗಗಳು ವಿಕಾರಗೊಂಡು, ಕಾಯಿಯ ಸುತ್ತ ಹೆಚ್ಚುವರಿ ತೊಳೆಗಳು ಮೂಡಿ, ಫಸಲು ಕೈಕೊಟ್ಟಿತು. ಡಿಎನ್‌ಎ ಅಕ್ಷರಗಳು ಬದಲಾಗಿರಲಿಲ್ಲ. ಬದಲಾದದ್ದು ಅದರ ಮೇಲಿನ ಮೀಥೈಲ್ ಗುರುತುಗಳು. ಯಾವ ಕೋಶದಲ್ಲಿ ಯಾವ ಜೀನ್ ಮಲಗಿರಬೇಕು ಎಂದು ತಿಳಿಸುವ ಬೀಗಗಳು ಅವು. ಹೂವಿನ ಜೀನ್ ಒಂದರೊಳಗೆ ಸೇರಿಕೊಂಡಿದ್ದ, 'ಕರ್ಮ' ಎಂದು ಹೆಸರಾದ ಡಿಎನ್‌ಎ ತುಣುಕಿನ ಮೇಲಿನ ಬೀಗ ಬಾಟಲಿಯಲ್ಲಿ ಕಳಚಿಕೊಂಡಿತ್ತು ಎಂದು 2015ರಲ್ಲಿ ಪತ್ತೆಯಾಯಿತು.

ಕೋಶಕ್ಕೆ ಹಳೆಯ ಕಸುಬು ಮರೆಸಿ ಹೊಸದು ಕಲಿಸುವಾಗ ಇಂಥ ಬೀಗಗಳೇ ಅದಲುಬದಲಾಗುವುದು. ಅಡಿಕೆಯಲ್ಲಿ ಹೀಗೇ ಆಗುತ್ತದೆ ಎಂದಲ್ಲ. ಆದರೆ ಸಸಿಯ ಹಸಿರು ನೋಡಿ ತೀರ್ಮಾನಿಸಲಾಗದು. ಹೂಬಿಟ್ಟು, ಕಾಯಿ ಕಚ್ಚಿ, ತಿರುಳು ಬಲಿತದ್ದನ್ನು ನೋಡಬೇಕು. ಅಡಿಕೆಯಲ್ಲಿ ಅದಕ್ಕೆ ಐದಾರು ವರ್ಷ.

ಯಾರು ಏನು ಹೇಳುತ್ತಿದ್ದಾರೆ

ರೋಗ ಜೋರಾಗಿರುವ ಕಡೆಯ ಕೃಷಿಕರಿಗೆ ಕಾಯುವ ವ್ಯವಧಾನ ಇಲ್ಲ. ಸಸಿ ಇದ್ದರೆ ಈಗಲೇ ಕೊಡಿ ಎನ್ನುತ್ತಾರೆ. ಹೇಗೂ ಹೋಗುವ ತೋಟದಲ್ಲಿ ಪ್ರಯೋಗಕ್ಕೆ ಕಳೆದುಕೊಳ್ಳುವುದೇನಿದೆ ಎಂಬುದು ಅವರ ವಾದ, ಅದರಲ್ಲಿ ಹುರುಳಿದೆ. ತಳಿ ವಿಜ್ಞಾನ ಬಲ್ಲವರ ಆತಂಕ ಇನ್ನೊಂದು: ಹಸಿರಾಗಿ ನಿಂತ ತಾಯಿಮರ ನಿಜಕ್ಕೂ ರೋಗ ತಡೆದದ್ದೋ, ಕೀಟದ ಕಣ್ಣು ತಪ್ಪಿಸಿಕೊಂಡದ್ದೋ? ತಪ್ಪಿಸಿಕೊಂಡದ್ದಾಗಿದ್ದರೆ ಅದರ ಸಾವಿರ ನಕಲುಗಳೂ ರೋಗಕ್ಕೆ ತುತ್ತೇ. ಇದನ್ನು ಬೇರ್ಪಡಿಸಲು ತಾಯಿಮರವನ್ನು ಹಲವು ಸಲ ಪರೀಕ್ಷಿಸಿ, ಸಸಿಗಳನ್ನು ರೋಗದ ತೋಟದ ನಡುವೆಯೇ ನೆಟ್ಟು ವರ್ಷಗಟ್ಟಲೆ ನೋಡಬೇಕು. ಮೂರನೆಯವರು ಅಡಿಕೆಯನ್ನೇ ಬಿಟ್ಟು ಕಾಫಿ, ಜಾಯಿಕಾಯಿ, ರಬ್ಬರ್ ಎನ್ನುತ್ತಾರೆ. ಗುಡ್ಡದ ಇಳಿಜಾರಿಗೆ ಅದು ಸರಿ ಹೋದೀತು; ನೀರು ನಿಲ್ಲುವ ಬೈಲಿಗೆ ಈ ಮೂರೂ ಒಗ್ಗುವುದಿಲ್ಲ. ನನ್ನ ತೂಕ ಎರಡನೆಯವರ ಕಡೆ, ಒಂದು ಷರತ್ತಿನೊಂದಿಗೆ: ಆ ಕಾಯುವ ಪ್ರಯೋಗ ಸಂಶೋಧನಾ ಕೇಂದ್ರದ ಬೇಲಿಯೊಳಗೆ ನಡೆದರೆ ಸಾಲದು, ರೋಗ ಹಿಡಿದ ಕೃಷಿಕರ ತೋಟದಲ್ಲೇ ನಡೆಯಬೇಕು.

ಸಸಿ ಗೆದ್ದರೂ ಮರಕ್ಕಿಂತ ಮೇಲಿನ ಹಂತವೊಂದು ಉಳಿಯುತ್ತದೆ, ತೋಟ. ಒಂದೇ ತಾಯಿಯ ನಕಲುಗಳನ್ನು ಇಡೀ ಗ್ರಾಮದಲ್ಲಿ ನೆಟ್ಟರೆ ಎಲ್ಲ ಮರಗಳ ಬಲವೂ ಒಂದೇ, ದೌರ್ಬಲ್ಯವೂ ಒಂದೇ. ಹಳದಿ ರೋಗ ತಡೆದ ಮರ ಎಲೆಚುಕ್ಕಿಗೆ ಸೋಲಬಹುದು. ಎರಡಕ್ಕೂ ಕಾರಣ ಬೇರೆ, ಹಂತ ಬೇರೆ, ತಡೆಯುವ ಗುಣವೂ ಬೇರೆ. ಹಾಗೆಯೇ ರೋಗ ಹೊತ್ತ ಕೀಟಕ್ಕೆ ಗಡಿ ಇಲ್ಲ. ಪಾಣತ್ತೂರಿನ ತೋಟಕ್ಕೆ ಕೇರಳದ ಕೃಷಿ ಭವನ, ಗುಡ್ಡದಾಚೆಯ ಸುಳ್ಯದ ತೋಟಕ್ಕೆ ಕರ್ನಾಟಕದ ತೋಟಗಾರಿಕೆ ಇಲಾಖೆ. ಒಂದು ಬದಿಯಲ್ಲಿ ಮಾತ್ರ ಹೊಸ ಸಸಿ ಬಂದು, ಇನ್ನೊಂದು ಬದಿಯಲ್ಲಿ ರೋಗದ ಮರಗಳು ಹಾಗೇ ಉಳಿದರೆ ಸೋಂಕಿನ ಮೂಲ ಉಳಿದೇ ಇರುತ್ತದೆ.

ಈಗ ತೋಟದಲ್ಲಿ

ರೋಗ ಹೊಸದಾಗಿ ಕಾಲಿಟ್ಟು ನಾಲ್ಕಾರು ಮರಗಳಿಗೆ ಸೀಮಿತವಾಗಿದ್ದರೆ, ಪರೀಕ್ಷೆಯಲ್ಲಿ ಖಚಿತವಾದ ಮೇಲೆ ಅವನ್ನು ಕಡಿದು ತೆಗೆಯುವುದರಲ್ಲಿ ಅರ್ಥವಿದೆ; ಸುತ್ತ ಎಲ್ಲ ಹಳದಿಯಾದ ಕಡೆ ಕಡಿಯುವುದರಿಂದ ಲಾಭ ಕಡಿಮೆ. ಅಲ್ಲಿ ಮರವನ್ನು ಸಾಕಿ ಬರುವಷ್ಟು ಫಸಲು ತೆಗೆಯುವುದೇ ಲೆಕ್ಕ. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಸಾಮಾನ್ಯ ಶಿಫಾರಸು, ಎರಡು ಕಂತಿನಲ್ಲಿ. ಜೊತೆಗೆ ಹಸಿರೆಲೆ ಮತ್ತು ಕಾಂಪೋಸ್ಟ್ ತಲಾ 12 ಕಿಲೋ. ಸುಣ್ಣ, ಮೆಗ್ನೀಸಿಯಂ ಎಷ್ಟೆಂದು ಮಣ್ಣು ಪರೀಕ್ಷೆ ಹೇಳಬೇಕು. ಮಳೆಗಾಲಕ್ಕೆ ಮುಂಚೆ ಕಣಿ ಬಿಡಿಸಿಡುವುದು ಇದೆಲ್ಲಕ್ಕಿಂತ ಅಗ್ಗ. ಈಗಾಗಲೇ ಹಸಿದಿರುವ ಬೇರಿಗೆ ಉಸಿರುಗಟ್ಟಿಸುವುದೂ ಸೇರಿದರೆ ಮರ ಬೇಗ ಸೋಲುತ್ತದೆ.

ಟಿಶ್ಯೂ ಕಲ್ಚರ್ ಎಂದು ಸಸಿ ಮಾರಲು ಬರುವವರಲ್ಲಿ ಕೇಳಬೇಕಾದ್ದು ಇಷ್ಟು: ತಾಯಿಮರ ಯಾವ ತೋಟದ್ದು, ರೋಗದ ನಡುವೆ ಎಷ್ಟು ವರ್ಷ ಹಸಿರಾಗಿತ್ತು, ಪಿಸಿಆರ್ ಪರೀಕ್ಷೆ ಎಷ್ಟು ಸಲ ಆಗಿದೆ, ಇದೇ ತಾಯಿಯ ಹಿಂದಿನ ಸಸಿಗಳು ಎಲ್ಲಾದರೂ ಗೊನೆ ಬಿಟ್ಟಿವೆಯೇ. ಕೊನೆಯ ಪ್ರಶ್ನೆಗೆ ಉತ್ತರ 'ಇಲ್ಲ' ಎಂದಾದರೆ ಇಡೀ ತೋಟ ಬದಲಿಸುವ ಸಾಹಸ ಬೇಡ. ಹಳೆಯ ಮರಗಳ ಎಡೆಯಲ್ಲಿ ಕೆಲವು ಸಸಿ ನೆಟ್ಟು, ಬೇರೆ ಬೇರೆ ತಾಯಿಯ ಸಸಿಗಳನ್ನು ಬೇರೆ ಸಾಲಿನಲ್ಲಿಟ್ಟು, ಯಾವ ಸಾಲಿನಲ್ಲಿ ಯಾವುದಿದೆ ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು; ಆರನೇ ವರ್ಷ ಒಂದು ಸಾಲು ಹಳದಿಯಾಗಿ ಇನ್ನೊಂದು ಹಸಿರಾಗಿ ನಿಂತರೆ ಮುಂದೆ ಯಾವ ತಾಯಿಯ ಸಸಿ ಕೇಳಬೇಕೆಂದು ಆ ಪುಸ್ತಕವೇ ತಿಳಿಸುತ್ತದೆ.